ಓಡದ ಹಂದಿ

ಓಡದ ಹಂದಿಯನ್ನು ಹೊಡೆದು ಬೇಟೆ ಎಂದು ಮೆರೆದ ಊರು ನಮ್ಮದು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಹಾನಗಲ್ಲ ತಾಲೂಕಿನಲ್ಲಿ ಅಡವಿಗೆ ಹತ್ತಿದಂತೆ ನಮ್ಮೂರು. ಆ ಬೇಸಿಗೆ ಅಡವಿಯ ಕೆರೆಯ ಹತ್ತಿರ ಜಿಂಕೆಗಳು ಸತ್ತು ಬಿದ್ದವು. ಕಟ್ಟಿಗೆಗೆ ಹೋದವರು ಬಂದು ಹೇಳಿದರೆ ಅಪ್ಪ, "ಅಡವ್ಯಾಗಿನವು ಸತ್ರ ನಮಗೇನಾಗ್ತೈತಿ?" ಎಂದು ಸವಣೂರ ಎಲೆಗೆ ಸುಣ್ಣ ಹಚ್ಚುತ್ತ ಕೂತ. ನನಗೋ ನಮ್ಮ ಎತ್ತುಗಳ ಚಿಂತೆ. ಅದರಲ್ಲೂ ಬಲಗಡೆಯದನ್ನು ನಾನೇ ಕರುವಿನಿಂದ ಸಾಕಿದ್ದೆ. ಜೋಡಿ ಒಡೆದರೆ ಮುಂಗಾರಿನ ಬಿತ್ತನೆ ತಪ್ಪಿದಂತೆಯೇ.

ಯುಗಾದಿಯ ಮರುದಿನ ಊರವರ ಜೊತೆ ನಾನೂ ಬೇಟೆಗೆ ಹೋದೆ. ಪೊದೆಯಲ್ಲಿ ಒಂದು ಹಂದಿ ನಿಂತಿತ್ತು. ನಾಯಿಗಳು ಬೊಗಳಿದರೂ ಓಡಲಿಲ್ಲ. ಕಣ್ಣ ತುಂಬ ಗೀಜು, ಮೂತಿಯಿಂದ ಜೊಲ್ಲು, ಹಿಂಗಾಲೆಲ್ಲ ಭೇದಿ.

"ಇದಕ್ಕ ದೊಡ್ಡಬ್ಯಾನಿ ಬಂದೈತಿ, ಮುಟ್ಟಬ್ಯಾಡ್ರಿ. ದನಕ್ಕ ಹತ್ತತೈತಿ!" ಎಂದೆ.

ಬೇಟೆಯ ಹಿರಿಯ ನಕ್ಕುಬಿಟ್ಟ. "ಬ್ಯಾಟಿಗೆ ಬಂದು ಡಾಕ್ಟರಕಿ ಮಾಡ್ತಿಯೇನಲೇ ಪುಕ್ಕಲಾ? ಬರಿಗೈಲೆ ಊರಿಗೆ ಹೋಗೂದೇನು?"

ನಿಂತಲ್ಲೇ ಅದನ್ನು ಹೊಡೆದು ಕೆಡವಿದರು. ನಮ್ಮಲ್ಲಿ ಬೇಟೆಯನ್ನು ಗಾಡಿಯಲ್ಲಿಟ್ಟು ಮನೆಮನೆಯ ಮುಂದೆ ಮೆರೆಸಬೇಕು. ಗಾಡಿ ಯಾರದು? ನಮ್ಮದೇ! "ಹೂಡಲೇ, ಮಂದಿ ಮುಂದ ನನ್ನ ಮಾನಾ ಕಳೀಬ್ಯಾಡ" ಎಂದು ಅಪ್ಪ ಗದರಿದ. ಹಲ್ಲು ಕಡಿಯುತ್ತ ಹೂಡಿದೆ. ಭತ್ತದ ಹುಲ್ಲು ಹಾಸಿ, ಅದರ ಮೇಲೆ ಹಂದಿಯನ್ನು ಮಲಗಿಸಿ, ಹಲಗೆ ಬಾರಿಸುತ್ತ ಊರೆಲ್ಲ ಸುತ್ತಿಸಿದರು. ನನ್ನ ಮಾತು ಯಾರಿಗೆ ಬೇಕಿತ್ತು!

ವಾರದಲ್ಲಿ ಬಲಗಡೆಯ ಎತ್ತು ಮೇವು ಬಿಟ್ಟಿತು. ಬಾಯೆಲ್ಲ ಹುಣ್ಣು, ಕಣ್ಣಲ್ಲಿ ಅದೇ ಗೀಜು. ಹಾನಗಲ್ಲಿಗೆ ಓಡಿದರೆ ದನದ ಡಾಕ್ಟರು ಶಿಗ್ಗಾಂವಿ ಕಡೆ ಹೋಗಿದ್ದರು. ಅವರು ಬರುವ ಹೊತ್ತಿಗೆ ಎತ್ತು ನೆಲ ಹಿಡಿದಿತ್ತು. ಈಗ ಸೂಜಿ ಹಾಕಿ ಪ್ರಯೋಜನವಿಲ್ಲ ಎಂದರು.

ಅವರ ಮುಂದೆ ಇಡೀ ಊರನ್ನು ಬೈದೆ. ಅಲ್ಲೇ ನಿಂತಿದ್ದ ಅಪ್ಪನನ್ನೂ ಬಿಡಲಿಲ್ಲ.

ಡಾಕ್ಟರು ಎಲ್ಲ ಕೇಳಿಸಿಕೊಂಡರು. "ಅದೆಲ್ಲಾ ಖರೆ. ಆದ್ರ ಊರಾಗ ಮೊದಲು ನಿಮ್ಮ ಎತ್ತಿಗೇ ಯಾಕ ಬಂತು? ಹಂದಿ ಕೆಳಗ ಹಾಸಿದ ಹುಲ್ಲು ಏನ್ ಮಾಡಿದ್ರಿ?"

ಆ ಬೇಸಿಗೆ ಮೇವಿಗೆ ತತ್ವಾರ. ಅಂದು ಸಂಜೆ ಗಾಡಿ ಬಿಚ್ಚಿ, ಸಿಟ್ಟಿನ ಭರದಲ್ಲಿ ದಿನದ ರೂಢಿಯಂತೆ ಆ ಹುಲ್ಲನ್ನು ಬಾಚಿ ಗೋದಲಿಗೆ ಹಾಕಿದ್ದೆ. ಅಪ್ಪ ಹಾಕು ಎಂದಿರಲಿಲ್ಲ. ಊರವರೂ ಹೇಳಿರಲಿಲ್ಲ.

"ಎತ್ತಿಗೇ ಹಾಕೇನ್ರಿ" ಎಂದೆ.

ಎತ್ತು ಸತ್ತಿತು, ಬಿತ್ತನೆ ತಪ್ಪಿತು. ಆ ವರ್ಷವೆಲ್ಲ ಅಪ್ಪ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.