ನಾಯಿಗೊಂದು ಮನೆ ನೋಡಿದ್ದು

ಹೆಸರಿಡಬೇಡ ಎಂದು ಮಗಳು ಮೊದಲೇ ಹೇಳಿದ್ದಳು. "ಹೆಸ್ರಿಟ್ರೆ ಆಮೇಲೆ ಕೊಡಕ್ಕೆ ಮನ್ಸು ಬರಲ್ಲ ಕಣಪ್ಪ. ಒಳ್ಳೆ ಮನೆ ಸಿಗೋಗಂಟ ಅನ್ನ ಹಾಕು, ಮಾತ್ರೆ ಕೊಡು, ಅಷ್ಟೇ." ನಾನು 'ಮಗಾ' ಎನ್ನುತ್ತಿದ್ದೆ, ನನ್ನ ಹೆಂಡತಿ 'ಏಯ್' ಎನ್ನುತ್ತಿದ್ದಳು. ಎರಡಕ್ಕೂ ಬರುತ್ತಿತ್ತು.

ಮಗಳಿಗೆ ಮಂಡ್ಯದಲ್ಲಿ ಕೆಲಸ. ಅವಳೂ ಅವಳ ಗೆಳತಿಯರೂ ಬೀದಿಯಲ್ಲಿ ಪೆಟ್ಟಾದ ನಾಯಿಗಳನ್ನು ಎತ್ತಿ ತಂದು, ಡಾಕ್ಟರಿಗೆ ತೋರಿಸಿ, ಸಾಕುವವರನ್ನು ಹುಡುಕಿ ಕೊಡುತ್ತಾರೆ. ಇದು ಮದ್ದೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕಿ ಮುಂಗಾಲು ಮುರಿದುಕೊಂಡಿದ್ದ ಹೆಣ್ಣುನಾಯಿ. ಬೆಲ್ಲದ ಬಣ್ಣ. ಮೂತಿ ಬೇಟೆನಾಯಿಯ ಹಾಗೆ ಉದ್ದ, ಕಾಲು ಗಿಡ್ಡ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಮಗಳ ಬಾಡಿಗೆ ಮನೆಯ ಓನರ್ ನಾಯಿ ಸೇರಿಸುವುದಿಲ್ಲವೆಂದು ಮಳವಳ್ಳಿಯ ನಮ್ಮ ಮನೆಗೆ ತಂದು ಬಿಟ್ಟಳು. ಪಟ್ಟಿ ಕಟ್ಟಿದ ಕಾಲನ್ನು ಎತ್ತಿಕೊಂಡೇ ಬಂದು ಅದು ನನ್ನ ಚಪ್ಪಲಿಯ ಮೇಲೆ ಮಲಗಿತು.

ನಾನು ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರಾದವನು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಅಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಉಣ್ಣುತ್ತಿದ್ದದ್ದು ನಿಜ. ಅದು ಕ್ಯಾಂಟೀನಿನಲ್ಲಿ, ಮನೆಯಲ್ಲಲ್ಲ.

ಮಗಳು ಮೊಬೈಲಿನಲ್ಲಿ ಹಾಕಿದ್ದ ಫೋಟೊ ನೋಡಿಕೊಂಡು ಒಂದು ಭಾನುವಾರ ಗಂಡ ಹೆಂಡತಿ ಬಂದರು. ಆಕೆ ಕಾಲೇಜಿನಲ್ಲಿ ಪಾಠ ಹೇಳುವವರು. ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಕುರ್ಚಿ ತೋರಿಸಿದರೂ ಆಕೆ ನೆಲದ ಮೇಲೆ ಕೂತರು. ನಾಯಿ ಮೂಸಿ ನೋಡಿ, ಆಕೆಯ ಪಾದದ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು. ಚಳಿಗೆ ಕಾಲು ನೋಯುತ್ತದೆಯೇ, ಮೆಟ್ಟಿಲು ಹತ್ತಬಹುದೇ ಎಂದೆಲ್ಲ ವಿಚಾರಿಸಿದರು. ಕಾಂಪೌಂಡು ಇದೆಯೇ, ಕಟ್ಟಿ ಹಾಕುತ್ತೀರೋ ಒಳಗೆ ಬಿಟ್ಟುಕೊಳ್ಳುತ್ತೀರೋ ಎಂದು ನಾನು ಕೇಳಬೇಕಿತ್ತು, ಮಗಳು ಹೇಳಿಕೊಟ್ಟಿದ್ದಳು. ಅದನ್ನು ಬಿಟ್ಟು, ನಮ್ಮ ಕಡೆಯವರು ಹೊಸಬರನ್ನು ಕೇಳುವುದನ್ನೇ ಕೇಳಿದೆ.

"ಯಾವೂರಾಯ್ತು ತಾಯಿ?"

ಊರು ಹೇಳಿದರು. ನಾನು ಓಡಾಡಿದ ಊರೇ.

"ಊರಲ್ಲಿ ಮನೆ ಎಲ್ಲಾಯ್ತದೆ?"

ಆಕೆ ನನ್ನ ಮುಖ ನೋಡಿದರು. ಈ ಪ್ರಶ್ನೆ ಯಾಕೆ ಬಂತೆಂದು ಅವರಿಗೆ ಗೊತ್ತಿತ್ತು. "ಕೆರೆ ಏರಿ ಕೆಳಗಿನ ಬೀದಿ. ನೀವು ಅಂದ್ಕೊಂಡಿದ್ದೇ ಸರಿ," ಎಂದರು.

ಅದು ದಲಿತರ ಬೀದಿ. ನಮ್ಮ ಜನ ಇರುವುದು ಏರಿಯ ಈಚೆ.

ಒಳಗೆ ಹೆಂಡತಿ ಸ್ಟೀಲ್ ಲೋಟಗಳಿಗೆ ಕಾಫಿ ಬಗ್ಗಿಸಲು ಹೊರಟಿದ್ದಳು. ಅಮ್ಮನ ತಿಥಿಗೆ ತಂದು ಮಿಕ್ಕಿದ್ದ ಪೇಪರ್ ಕಪ್ಪುಗಳು ಅಟ್ಟದ ಮೇಲಿದ್ದವು. ಇಳಿಸಿಕೊಟ್ಟೆ.

"ಇದ್ಯಾಕೆ, ಲೋಟ ಇಲ್ವಾ?"

"ಸುಮ್ಕೆ ಉಯ್ಯಿ."

ಅವಳು ಕಪ್ಪುಗಳಿಗೇ ಬಗ್ಗಿಸಿದಳು. ಕಪ್ಪುಗಳನ್ನು ನಾನೇ ತಂದುಕೊಟ್ಟೆ. ನನ್ನ ಕಾಫಿ ಮಾತ್ರ ಲೋಟದಲ್ಲಿ ಬಂತು. ಅದನ್ನು ಮರೆಮಾಡಬೇಕೆಂದು ಕೂಡ ನನಗೆ ಹೊಳೆಯಲಿಲ್ಲ. ಆಕೆ ಒಮ್ಮೆ ನನ್ನ ಲೋಟ ನೋಡಿ, ಕಾಫಿ ಪೂರ್ತಿ ಕುಡಿದು, ಕಪ್ಪನ್ನು ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಇನ್ನೊಬ್ರು ಮೊದ್ಲೇ ಕೇಳ್ಬುಟ್ಟವ್ರೆ ತಾಯಿ. ಮಾತು ಕೊಟ್ಬುಟ್ಟಿವ್ನಿ," ಎಂದೆ. ಯಾರೂ ಕೇಳಿರಲಿಲ್ಲ.

"ಅವ್ರು ಬೇಡ ಅಂದ್ರೆ ಒಂದು ಫೋನ್ ಮಾಡಿ ಸಾರ್," ಎಂದು ಗಂಡ ಹೇಳಿ ಹೋದರು. ನಾಯಿ ಕುಂಟುತ್ತಾ ಗೇಟಿನವರೆಗೂ ಅವರ ಹಿಂದೆ ಹೋಯಿತು. ನನ್ನ ತಟ್ಟೆಯಲ್ಲಿ ಮಿಕ್ಕಿದ್ದು ತಿಂದ ನಾಯಿ ಆ ಬೀದಿಯಲ್ಲಿ ಬೆಳೆದರೆ ನೆಂಟರು ಏನೆಂದುಕೊಂಡಾರು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಸುಳ್ಳನ್ನು ನಿಜ ಮಾಡಬೇಕಲ್ಲ, ಆತಗೂರಿನ ಕಡೆ ಇರುವ ಭಾವಮೈದನಿಗೆ ಫೋನು ಹಚ್ಚಿದೆ. ನಾಯಿ ಬೇಕೆಂದ.

"ಮನೆ ನೋಡ್ದಾ ಅಪ್ಪ? ನೋಡದೆ ಕೊಡಂಗಿಲ್ಲ," ಎಂದಳು ಮಗಳು.

"ನಿಮ್ ಮಾವನ ಮನೆ ನಾನು ನೋಡ್ದೆ ಇರೋದಾ ಕಣವ್ವ?"

ಮನೆ ನೋಡಿದ್ದು ನಿಜ. ನಾಯಿ ಇರುವ ಜಾಗ ನೋಡಿರಲಿಲ್ಲ.

ಅವನು ಗೂಡ್ಸ್ ಆಟೊ ತಂದ ದಿನ ನಾಯಿ ಹತ್ತಲೊಲ್ಲದೆ ನೆಲಕ್ಕೆ ಅಂಟಿಕೊಂಡಿತು. ನಾನು ಹೆಗಲ ಮೇಲಿನ ಟವೆಲನ್ನು ಅದರ ಕೊರಳಿಗೆ ಕಟ್ಟಿ, "ಬಾ ಮಗಾ," ಎಂದೆ. ನನ್ನ ವಾಸನೆ ಅಲ್ಲವೇ, ನಂಬಿ ಹತ್ತಿತು.

"ಎಣ್ಣು ಒಪ್ಪುಸ್ದಂಗೆ ಮಕ ಮಾಡ್ಬೇಡಿ ಬಾವ," ಎಂದು ಭಾವಮೈದ ನಕ್ಕ. "ಅಬ್ಬಕ್ಕೆ ತವರ್ಗೆ ಕಳುಸ್ತೀನಿ."

ಆಮೇಲೆ ನಾನು ಅದನ್ನು ನೋಡಿದ್ದು ಅವನ ಮಗಳ ಬೀಗರ ಊಟಕ್ಕೆ ಹೋದಾಗ. ಪಂಕ್ತಿಯಲ್ಲಿ ಎಲೆ ಹಾಕಿ ಮುದ್ದೆ ಬಡಿಸಿದ್ದರು. ನಾಯಿ ಎಲ್ಲಪ್ಪ ಎಂದೆ.

"ಗದ್ದೆ ತಾವದೆ. ಅಂದಿ ಕಾಟ ಬಾವ, ಕಬ್ಬೆಲ್ಲ ಮಲಗುಸ್ಬುಡ್ತವೆ. ಬೊಗುಳಕ್ಕೊಂದು ಬೇಕಲ್ಲ. ಬೇಟೆ ಮೂತಿ ಅಂದ್ರಿ, ನೋಡುದ್ರೆ ಬರೀ ಪುಕ್ಲು. ಉಣ್ಣಿ ಮೊದ್ಲು, ನಲ್ಲಿ ಮೂಳೆ ಆಕುಸ್ಲಾ?"

ಎಲೆ ಬಿಟ್ಟು ಎದ್ದು ಹೋಗಲಿಲ್ಲ. ಬೀಗರ ಎದುರು ಹಾಗೆ ಏಳಬಾರದೆಂದು ಉಂಡೇ ಎದ್ದೆ. ಇದನ್ನೂ ಹೇಳಿಬಿಡಬೇಕು.

ಪಂಪ್‌ಸೆಟ್ಟಿನ ಶೆಡ್ಡಿನ ಕಂಬಕ್ಕೆ ಅದನ್ನು ಸರಪಳಿಯಿಂದ ಬಿಗಿದಿದ್ದರು. ಹಂದಿ ಬಂದಾಗ ಓಡಲು ಜಾಗವಿಲ್ಲದೆ, ಕೂಡಿಕೊಂಡಿದ್ದ ಕಾಲೇ ಮತ್ತೆ ಸೀಳಿಹೋಗಿತ್ತು. ಗಾಯದ ತುಂಬ ಹುಳ. ಕೊರಳಲ್ಲಿ ನನ್ನ ಟವೆಲು ಹಾಗೇ ಇತ್ತು, ಕೊಳೆಗೆ ಹಗ್ಗದಂತೆ ಗಟ್ಟಿಯಾಗಿತ್ತು. ಸರಪಳಿಯ ಕೊಂಡಿಯನ್ನು ಸಿಕ್ಕಿಸಿದ್ದು ಅದಕ್ಕೇ.

ಆಟೊ ಮಾಡಿಕೊಂಡು ಮಂಡ್ಯಕ್ಕೆ ಒಯ್ದೆ. ಡಾಕ್ಟರು ಕಾಲು ತೆಗೆಯಬೇಕೆಂದರು. ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಮೊಬೈಲು ತೋರಿಸಿದಳು. ನಾಯಿ ಹೇಗಿದೆ, ಹೊಸ ಮನೆಗೆ ಹೊಂದಿಕೊಂಡಿತೇ ಎಂದು ಆ ಕಾಲೇಜಿನಾಕೆ ಅವಳಿಗೆ ಆಗಾಗ ಮೆಸೇಜು ಹಾಕಿ ಕೇಳುತ್ತಲೇ ಇದ್ದರಂತೆ.

"ಇವ್ರಿಗೆ ಯಾಕಪ್ಪ ಕೊಡ್ಲಿಲ್ಲ?"

ಹೇಳಿದೆ. ಬೀದಿಯ ವಿಷಯ, ಕಪ್ಪಿನ ವಿಷಯ, ಎಲ್ಲ.

"ನಾಯಿ ಬುಡಕ್ಮುಂಚೆ ನಾನೂ ನಿನ್ ಮನೆ ನೋಡ್ಬೇಕಾಗಿತ್ತು ಕಣಪ್ಪ," ಎಂದು ಎದ್ದು ಹೋದಳು. ಹುಟ್ಟಿ ಬೆಳೆದ ಮನೆಯನ್ನು ಅವಳು ನಿನ್ನ ಮನೆ ಎಂದದ್ದು ಅದೇ ಮೊದಲು. ಕಾಲು ತೆಗೆದ ಗಾಯ ಮಾಯ್ದ ಮೇಲೆ ನಾಯಿಯನ್ನು ತಾನೇ ಆ ದಂಪತಿಗೆ ಒಪ್ಪಿಸಿ, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿಬಂದಳು. ನನ್ನನ್ನು ಕರೆಯಲಿಲ್ಲ.

ನಾನು ಹೋದದ್ದು ಬಹಳ ದಿನ ಬಿಟ್ಟು, ಒಬ್ಬನೇ. ಏರಿ ಇಳಿದು ಆ ಬೀದಿಗೆ ಕಾಲಿಟ್ಟದ್ದು ಈ ವಯಸ್ಸಿಗೆ ಮೊದಲ ಸಲ. ಜಗಲಿಯ ಮೇಲೆ ಹಾಸಿದ ಹಳೇ ಕಂಬಳಿಯಲ್ಲಿ ನಾಯಿ ಮಲಗಿತ್ತು. ಮೈ ತುಂಬಿಕೊಂಡಿತ್ತು. ಮೂರು ಕಾಲಿನಲ್ಲಿ ಎದ್ದು ನನ್ನನ್ನು ಮೂಸಿ, ಬಾಲ ಅಲ್ಲಾಡಿಸಿತು. ಅದಕ್ಕೀಗ ಹೆಸರಿದೆ. ಅದನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ.

"ತಪ್ಪಾಯ್ತು ತಾಯಿ," ಎಂದೆ.

ಆಕೆ ಪರವಾಗಿಲ್ಲ ಎನ್ನಲಿಲ್ಲ. "ಕೂತ್ಕೊಳಿ. ಕಾಫಿ ಮಾಡ್ತೀನಿ," ಎಂದರು. ಬಾಗಿಲ ಬಳಿ ತಿರುಗಿ ನಿಂತರು. "ನಮ್ಮನೆ ಲೋಟದಲ್ಲಿ ಕೊಡ್ಲಾ, ಪೇಪರ್ ಕಪ್ಪು ತರ್ಸ್ಲಾ?"

ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ನನ್ನ ಮುಖ ಬೆವೆತು, ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲು ತೆಗೆದೆ. ಅಷ್ಟೇ. ನಾಯಿಯ ಬಾಲ ನಿಂತಿತು. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತಾ ಹೋಗಿ ಆಕೆಯ ಸೀರೆಯ ಹಿಂದೆ ಸೇರಿಕೊಂಡಿತು. ಅದರ ಮೈ ನಡುಗುವುದು ನನಗೆ ಕಾಣುತ್ತಿತ್ತು.

ಆಕೆ ಬಗ್ಗಿ ಅದರ ತಲೆ ಸವರಿ, ಹೆಸರು ಹಿಡಿದು ಕರೆದರು. "ಎಲ್ಗೂ ಕಳ್ಸಾಕಿಲ್ಲ ಬುಡು. ಯಾರ್ ಬಂದ್ರೂ ಕಳ್ಸಾಕಿಲ್ಲ."

ನಾನು ಟವೆಲನ್ನು ಮುದುರಿ ತೊಡೆಯಡಿಗೆ ಸೇರಿಸಿಕೊಂಡು ಕೂತೆ. ಕಾಫಿ ಯಾವುದರಲ್ಲಿ ಎಂಬುದಕ್ಕೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.