ಜೋಳದ ಎಲೆಗೆ ಸಾರಜನಕ

ವ್ಯಾನಿನ ಹಿಂಬದಿಯಿಂದ ಮಾತು ನಿಂತದ್ದು ಎಲ್ಲಿ? ಉಣಕಲ್ ಕೆರೆ ದಾಟಿದ ಕೂಡಲೇ, ಅಥವಾ ನವಲೂರಿನ ಹತ್ತಿರವೋ? ಇಷ್ಟು ವರ್ಷಗಳಾದರೂ ಆ ರಸ್ತೆಯನ್ನು ಮನಸ್ಸಿನಲ್ಲೇ ತಿರುಗಿ ತಿರುಗಿ ಅಳೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ನಾನೂ ನನ್ನ ಗೆಳತಿಯೂ ಧಾರವಾಡದಲ್ಲಿ ತಳಿಶಾಸ್ತ್ರ ಓದುತ್ತ ಮಾಳಮಡ್ಡಿಯ ಒಂದು ಕೋಣೆಯಲ್ಲಿದ್ದೆವು. ನಮ್ಮ ಕೆಲಸ ಹಿಂಗಾರಿ ಜೋಳದ ಮೇಲೆ. ಸುಳಿನೊಣ ಕೆಲವು ತಳಿಗಳ ಸುಳಿಯನ್ನು ಒಣಗಿಸಿಬಿಡುತ್ತದೆ, ಕೆಲವು ತಡೆದುಕೊಳ್ಳುತ್ತವೆ. ತಡೆದುಕೊಳ್ಳುವ ಗುಣದ ಜೊತೆಗೇ ಡಿಎನ್‌ಎಯ ಯಾವ ಗುರುತು ಬರುತ್ತದೆಂದು ಹುಡುಕಬೇಕಿತ್ತು. ಅದು ಸಿಕ್ಕರೆ ಮುಂದೆ ನೊಣಕ್ಕೆ ಕಾಯದೆ ಎಳೆ ಸಸಿಯಲ್ಲೇ ಆರಿಸಿಕೊಳ್ಳಬಹುದು. ಆದರೆ ನಮ್ಮ ಬಳಿಯಿದ್ದ ಸುಧಾರಿತ ತಳಿಗಳೆಲ್ಲ ಹತ್ತಿರದ ಬಂಧುಗಳು. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟರೆ ಅಂಗಿ ನೋಡಿ ಯಾರನ್ನು ಗುರುತಿಸುವುದು? ಅದಕ್ಕೇ ಗೆಳತಿ ಹಳ್ಳಿ ಹಳ್ಳಿ ತಿರುಗಿ ರೈತರಿಂದ ನಾಡತಳಿಗಳ ತೆನೆ ಕೇಳಿ ತಂದು ಬಿತ್ತಿದ್ದಳು.

ಎಳೆ ಎಲೆಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆಯಬೇಕು. ಆ ವಾರ ತಪ್ಪಿದರೆ ಎಲೆ ಬಲಿತು, ನಾಡತಳಿಗಳು ಅಧ್ಯಯನದಿಂದಲೇ ಹೊರಬೀಳುತ್ತಿದ್ದವು. ಸಾರಜನಕ ತರಲು ಬಾಡಿಗೆ ವ್ಯಾನು ಹಿಡಿದು ಹುಬ್ಬಳ್ಳಿಗೆ ಹೋದೆವು.

ಅದನ್ನು ನಾವು ಐಸಿನ ಹಾಗೆ ನೋಡಿಕೊಂಡೆವು. ಡಬ್ಬಿಗೆ ಗೋಣಿಚೀಲ ಸುತ್ತಿ, ಕೌದಿ ಹೊದಿಸಿ, ಬಿಸಿಗಾಳಿ ತಾಗದಿರಲೆಂದು ನಮ್ಮ ಕಡೆಯ ಗಾಜುಗಳನ್ನೆಲ್ಲ ಏರಿಸಿದೆವು. ಮುಟ್ಟಿದರೆ ಅದರ ಶೀತಕ್ಕೇ ಚರ್ಮ ಸುಡುತ್ತದೆಂದು ಕೈಗವಸು ಮರೆಯಲಿಲ್ಲ. ಆವಿಯಾದಾಗ ಅದು ಉಸಿರಾಡುವ ಗಾಳಿಯನ್ನೇ ಹೊರದೂಡುತ್ತದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಗೆಳತಿ ಹಿಂದೆ ನೆಲಕ್ಕೆ ಕೂತು ಮೊಣಕಾಲಿನ ನಡುವೆ ಡಬ್ಬಿ ಹಿಡಿದಳು. ನಾನು ಮುಂದೆ, ಚಾಲಕನ ಪಕ್ಕ.

“ಕಾಕಾ, ನಿಮ್ಮ ಗಾಜೂ ಏರಿಸ್ರಿ,” ಎಂದಳು.

“ತಂಬಾಕ ಎಲ್ಲಿ ಉಗಳ್ಲಿ ತಂಗಿ, ನಿನ್ನ ಡಬ್ಬ್ಯಾಗೇನು?” ಎಂದ ಆತ, ನಾಲ್ಕು ಬೆರಳಿನಷ್ಟು ತೆರೆದೇ ಇಟ್ಟ.

ಒಂದು ಗುಂಡಿಯಲ್ಲಿ ವ್ಯಾನು ಎಗರಿತು. ಡಬ್ಬಿ ವಾಲಿ, ನೆಲದ ತುಂಬ ಬಿಳಿ ಹೊಗೆ ಹರಡಿತು.

“ನೋಡ, ಮೋಡದಾಗ ಕುಂತೇನಿ!” ಎಂದು ನಕ್ಕಳು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ, “ಏನ್ರಿ ದೇವಿಯವರ, ಧಾರವಾಡಕ್ಕ ಇಳೀತೀರೋ ಸ್ವರ್ಗಕ್ಕ ಹೊಂಟೀರೋ?” ಎಂದು ಕೆಣಕಿದೆ. ಉತ್ತರ ಬರಲಿಲ್ಲ. ಅಂಥ ಮಾತಿಗೆ ಎರಡು ತಿರುಗಿಸಿ ಕೊಡದೆ ಅವಳು ಬಿಡುವವಳಲ್ಲ. ತಿರುಗಿ ನೋಡಿದರೆ ತಲೆ ಡಬ್ಬಿಯ ಮೇಲೆ ಬಾಗಿತ್ತು, ತುಟಿ ನೀಲಿಯಾಗಿತ್ತು.

“ಕಾಕಾ, ನಿಲ್ಲಸ್ರಿ!”

ಇಳಿದು ಪಕ್ಕದ ಬಾಗಿಲು ಎಳೆದೆ, ಅದು ಸಿಕ್ಕಿಕೊಂಡಿತ್ತು. ಕಾಕಾ ಓಡಿಬಂದು ಒದ್ದು ಸರಿಸಿದ. ಇಬ್ಬರೂ ಸೇರಿ ಅವಳನ್ನು ರಸ್ತೆಬದಿಯ ಹುಲ್ಲಿಗೆ ಎಳೆದು ಹಾಕಿದೆವು. ನಾನು ಅವಳ ಕೆನ್ನೆ ತಟ್ಟುತ್ತ ಹೆಸರು ಕೂಗುತ್ತಲೇ ಇದ್ದೆ. ಕೊನೆಗೊಮ್ಮೆ ಎದೆ ಎದ್ದು ಬಿತ್ತು, ಕೆಮ್ಮಿದಳು. ಕಣ್ಣು ತೆರೆದವಳೇ, “ಎಷ್ಟ ಉಳದೈತಿ?” ಎಂದಳು.

ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

ದವಾಖಾನೆಯಲ್ಲಿ ತೋರಿಸಿಕೊಂಡು ವಿಭಾಗಕ್ಕೆ ಬಂದಾಗ ನಮ್ಮ ಮಾರ್ಗದರ್ಶಕರು ಗಾಬರಿಯಾಗಿದ್ದರು. “ಜೀವ ಉಳೀತಲ್ಲ, ಸಾಕು. ಇದ್ದದ್ರಾಗ ಸುಧಾರಿತ ತಳಿ ಅಷ್ಟ ಮಾಡ್ರಿ. ನಾಡತಳಿ ಬಿಟ್ಟಬಿಡ್ರಿ.”

“ಅವನ್ನ ಬಿಟ್ರ ಉಳಿಯೂದೇನ್ರಿ ಸರ್?” ಎಂದಳು ಗೆಳತಿ. ದನಿ ಇನ್ನೂ ಒಡೆದಿತ್ತು. “ಅಕ್ಕ ತಂಗ್ಯಾರನ್ನ ಸಾಲಿಗೆ ನಿಲ್ಲಿಸಿ ಯಾರು ಬ್ಯಾರೆ ಅಂತ ಕೇಳೂದೇನು? ನಾಳೆ ಮತ್ತ ಹೋಗ್ತೇವ್ರಿ.”

ನನ್ನನ್ನು ಕೇಳದೆಯೇ ‘ಹೋಗ್ತೇವಿ’ ಎಂದಿದ್ದಳು. ಆದರೂ, “ಹೌದ್ರಿ ಸರ್, ನಾನೂ ಹೋಗ್ತೇನಿ,” ಎಂದೆ.

ಮರುದಿನ ಟ್ರ್ಯಾಕ್ಟರು ಹಿಡಿದೆವು. ತೆರೆದ ಟ್ರಾಲಿಯ ಮೂಲೆಗೆ ಡಬ್ಬಿಯನ್ನು ನೆಟ್ಟಗೆ ಬಿಗಿದು, ನಾವು ಇನ್ನೊಂದು ತುದಿಯಲ್ಲಿ ನಿಂತು ಬಂದೆವು. ಮೈಮೇಲೆಲ್ಲ ಧೂಳು. ದಾರಿಯುದ್ದಕ್ಕೂ ಅವಳ ಭುಜವನ್ನು ನಾನು ಬಿಡಲೇ ಇಲ್ಲ. “ಕೈ ತೆಗಿ, ಬಿಸಲಾಗ ಬೆವರಾಕತ್ತೇತಿ,” ಎಂದು ಬೈಸಿಕೊಂಡರೂ.

ಪ್ರಯೋಗಾಲಯದ ಕಿಟಕಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟೆವು. ಅವಳು ನಾಡತಳಿಗಳ ಎಲೆಗಳನ್ನೇ ಮೊದಲು ಅರೆಯಲು ಕೂತಳು.