ಬಚ್ಚಲೊಲೆಗೆ ಹೋದ ಬೇಲಿ

ನನ್ನ ಮುತ್ತಜ್ಜಿ ರೋಶನ್ ಬೀ ಭದ್ರಾವತಿಯ ನ್ಯೂ ಟೌನ್ ರಸ್ತೆಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಅರವತ್ತರ ದಶಕದ ಮೊದಮೊದಲ ಮಾತು. ರಸ್ತೆ ಅಗಲ ಮಾಡುತ್ತೇವೆಂದು ಸಾಲುಮರಗಳನ್ನೆಲ್ಲ ಕಡಿದರು. ಬದಲಿಗೆ ಎಲ್ಲಿಂದಲೋ ಲಾರಿಯಲ್ಲಿ ಹೂವಿನ ಗಿಡ ತಂದು ನೆಟ್ಟರು. ಭಾಷಣವಾಯಿತು, ಫೋಟೋ ಆಯಿತು, ನೀರು ಹಾಕಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ. ಬೇಸಿಗೆಗೆ ಒಂದೂ ಉಳಿಯಲಿಲ್ಲ. ನೆರಳಿಲ್ಲದ ಕಡೆ ಯಾರು ಸೈಕಲ್ ನಿಲ್ಲಿಸಿ ಕಡಲೆಕಾಯಿ ತಿನ್ನುತ್ತಾರೆ? ಅವಳ ವ್ಯಾಪಾರವೂ ಒಣಗಿತು.

ಅವಳು ಹೊಳೆದಂಡೆಯ ನೇರಳೆ ಮರದಡಿ ಬೀಜ ಆರಿಸಿ ತಂದು, ಮಳೆ ಹಿಡಿದ ಮೇಲೆ ರಸ್ತೆಬದಿಗೆ ಊರಿದಳು. ಎರಡನೆಯ ವರ್ಷ ಸಸಿಗಳು ಮೊಣಕಾಲೆತ್ತರ ಬಂದವು. ಆಡು ಬಾಯಿ ಹಾಕದಂತೆ ಕಾರೆಮುಳ್ಳು ಕಡಿದು ಸುತ್ತ ಕಟ್ಟಿದಳು. ಕೈಯೆಲ್ಲ ಗೀರು.

ದೀಪಾವಳಿಯ ಬೆಳಿಗ್ಗೆ ಬಂದು ನೋಡಿದರೆ ಮುಳ್ಳೇ ಇಲ್ಲ. ಒಂದು ಸಸಿಯನ್ನು ಆಡು ಬುಡದವರೆಗೆ ಮೇಯ್ದಿತ್ತು. ಮುಳ್ಳು ಎಳೆದೊಯ್ದ ಗೀಟು ಮಣ್ಣಿನಲ್ಲಿ ನೇರ ಶಿವಶಂಕರಪ್ಪನವರ ಹಿತ್ತಲಿಗೆ ಹೋಗಿತ್ತು. ಆ ಹೂವಿನ ಗಿಡ ನೆಟ್ಟ ದಿನ ಉದ್ದುದ್ದ ಭಾಷಣ ಮಾಡಿದ್ದು ಇದೇ ಮನುಷ್ಯ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಅಭ್ಯಂಜನಕ್ಕೆ ಕೂತಿದ್ದರು. ಬಚ್ಚಲೊಲೆಯಲ್ಲಿ ಮುಳ್ಳು ಚಟಚಟ ಉರಿಯುತ್ತಿತ್ತು.

“ಸಾವ್ಕಾರ್ರೇ, ನೀರ್ ಕಾಯ್ತಾ?” ಎಂದಳು ರೋಶನ್ ಬೀ.

“ಇನ್ನೂ ಇಲ್ಲ. ಯಾಕಮ್ಮ?”

“ನನ್ ಬೇಲಿ ಉರೀತಾ ಇದ್ಯಲ್ಲ, ಬೇಗ ಕಾಯ್ತದೆ.”

“ಒಣಮುಳ್ಳು ಮಾರಾಯ್ತಿ, ದಾರೀಲಿತ್ತು. ಹಬ್ಬದ ದಿನ ಜಗಳ ಬೇಡ. ಎರಡು ಕಜ್ಜಾಯ ತಗೊಂಡ್ ಹೋಗು.”

“ಕಜ್ಜಾಯ ಸುತ್ತ ಕಟ್ಟಿದ್ರೆ ಆಡು ಬಿಡ್ತದಾ?”

ಅವರ ಹೆಂಡತಿ ಜಯಶೀಲಾ ಒಳಗಿನಿಂದ ಬಂದರು. “ಕಟ್ಟಿದ್ ಬೇಲಿ ಕಿತ್ಕೊಂಡ್ ಬಂದ್ರಾ? ಏಳಿ. ಅವ್ಳು ಬೇರೆ ಮುಳ್ಳು ತರೋವರ್ಗೂ ಹೋಗಿ ಗಿಡ ಕಾಯಿರಿ.”

“ಮೈಯೆಲ್ಲ ಎಣ್ಣೆ ಕಣೆ.”

“ಆಡಿಗೇನೂ ಬೇಜಾರಿಲ್ಲ.”

ಶಿವಶಂಕರಪ್ಪ ಪಂಚೆ ಉಟ್ಟು, ಕೋಲು ಹಿಡಿದು, ಎಣ್ಣೆ ಸುರಿಸುತ್ತ ರಸ್ತೆಬದಿಗೆ ನಿಂತರು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕಾರ್ಮಿಕನೊಬ್ಬ ಸೈಕಲ್ ನಿಧಾನ ಮಾಡಿದ. “ಏನ್ ಸಾರ್, ಈ ಸಲ ಸ್ನಾನ ರೋಡಲ್ಲೇನಾ?”

ನಮ್ಮ ಮನೆಯಲ್ಲಿ ಇದನ್ನು ನಕ್ಕೊಂಡು ಹೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಎರಡು ಮಳೆಗಾಲ ಕುಡಿದು ಬೆಳೆದ ಸಸಿ ಒಂದು ಹಂಡೆ ನೀರಿಗೆ ಮುಗಿದುಹೋಯಿತಲ್ಲ.

ಹೊತ್ತೇರಿದ ಮೇಲೆ ರೋಶನ್ ಬೀ ಮುಳ್ಳು ಹೊತ್ತು ಬಂದು, ಉಳಿದ ಸಸಿಗಳಿಗೆಲ್ಲ ಬೇಲಿ ಕಟ್ಟಿದಳು.

“ಇನ್ ನಾನ್ ಹೋಗ್ಲಾ?” ಎಂದರು ಶಿವಶಂಕರಪ್ಪ.

“ಹೋಗಿ. ಬರೋ ಮಳೆಗೆ ಹೊಳೆದಂಡೇಗ್ ನೀವೇ ಹೋಗಿ ಬೀಜ ತನ್ನಿ. ಅಲ್ಲೀವರ್ಗೂ ಆಡು ತಿಂದ ಈ ಸಸಿ ಜಾಗ ಖಾಲಿ ಇರ್ತದೆ. ದಿನಾ ನೋಡ್ಕೊಂಡ್ ಓಡಾಡಿ.”